ಮಾಣಿಗೆ ವರದಮೂಲದ ತೀರ್ಥ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಸಾಗರದ ಪೇಟೆಯಲ್ಲಿ ಕನ್ನಡಕದ ಅಂಗಡಿ ನಡೆಸುವವಳ ಮೂಗಿನ ಮೇಲೆ ಇರಬೇಕಾದದ್ದು ಬೇರೆ ಎಂದು ಗೊತ್ತು. ಆದರೂ ಅಷ್ಟೇ.

ಅಂಗಡಿಯ ಮೂಲೆಯಲ್ಲೊಂದು ಗಾಜಿನ ತೊಟ್ಟಿಯಿದೆ. ಅದರಲ್ಲಿರುವುದು ಸಮುದ್ರದ ಮೀನು, ಹೆದರಿದರೆ ಚೆಂಡಿನಂತೆ ಉಬ್ಬುವ ಜಾತಿ. ಹೊನ್ನಾವರದ ಗೆಳತಿಯೊಬ್ಬಳು ಸಾಕಿದ್ದು. ಉಳಿದ ಮೀನುಗಳ ಬಾಲ ಕಚ್ಚುತ್ತದೆಂದು ನನಗೆ ದಾಟಿಸಿದಳು. ನೀರಿಗೆ ಅಳೆದು ಉಪ್ಪು ಬೆರೆಸುವುದು, ಸಿಗಡಿ ತಿನ್ನಿಸುವುದು ಎಲ್ಲ ನನ್ನ ಕೆಲಸ. ಅದರ ಪ್ರೀತಿ ಮಾತ್ರ ನನ್ನ ಅತ್ತೆಗೆ.

ಮೊಟ್ಟೆಯನ್ನೂ ಮನೆಯೊಳಗೆ ಬಿಡದ ಅತ್ತೆ ದಿನಾ ಹನ್ನೊಂದಕ್ಕೆ ಬಂದು ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ನಮ್ಮ ಮನೆಮಾತಿನಲ್ಲಿ ಹುಡುಗರನ್ನು ಕರೆಯುವಂತೆ ಅದನ್ನೂ ಮಾಣಿ ಎನ್ನುತ್ತಾರೆ. "ಮಾಣಿ, ಆಸ್ರಿಗೆ ಆತಾ?" ಎಂದು ತಿಂಡಿ ವಿಚಾರಿಸಿದರೆ ಸಾಕು, ಅದು ಗಾಜಿಗೆ ಮೂತಿ ಒತ್ತಿ ಇಡೀ ಮೈ ಕುಣಿಸುತ್ತದೆ. ನಾನು ಇಕ್ಕಳದಲ್ಲಿ ಸಿಗಡಿ ಹಿಡಿದಾಗ ಅತ್ತೆ ತಾನೇನೂ ನೋಡಿಲ್ಲವೆಂಬಂತೆ ಗೋಡೆಯ ಕಡೆ ತಿರುಗುತ್ತಾರೆ. "ಎಂಗೆ ಎಂತೂ ಕಂಡಿದ್ದಿಲ್ಲೆ. ಅದು ಉಣ್ಲಿ."

ಕಳೆದ ವರ್ಷ ಮಾಣಿಯ ಮೈಮೇಲೆ ಬಿಳಿ ಚುಕ್ಕೆಗಳೆದ್ದವು. ಮೂರು ದಿನ ತಿನ್ನಲಿಲ್ಲ, ಕರೆದರೂ ತಿರುಗಲಿಲ್ಲ. ಉಳಿಯುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಅತ್ತೆಯೂ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ಅವರನ್ನು ಅಂಗಡಿಯಲ್ಲಿ ಕೂರಿಸಿ ಪೋಸ್ಟಾಫೀಸಿಗೆ ಹೋಗಿ ಬಂದು ನೋಡಿದರೆ, ತೊಟ್ಟಿಯ ಪಕ್ಕ ಖಾಲಿ ಕ್ಯಾನು, ನೆಲವೆಲ್ಲ ಒದ್ದೆ.

"ವರದಮೂಲದ ತೀರ್ಥ," ಎಂದರು ಅತ್ತೆ. ಬೆಳಿಗ್ಗೆಯೇ ವರದಾ ನದಿ ಹುಟ್ಟುವ ಆ ಕ್ಷೇತ್ರಕ್ಕೆ ಆಟೊದಲ್ಲಿ ಹೋಗಿ ತುಂಬಿಸಿಕೊಂಡು ಬಂದಿದ್ದರಂತೆ. ತುಳುಕಬಾರದೆಂದು ತೊಟ್ಟಿಯ ನೀರನ್ನು ಚೊಂಬಿನಲ್ಲಿ ಮೊಗೆದು ಚೆಲ್ಲಿ, ಇಡೀ ಕ್ಯಾನು ಸುರಿದಿದ್ದರು.

"ಅಯ್ಯೋ ಅತ್ತೇ, ಅದು ಉಪ್ಪುನೀರಿನ ಮೀನು! ಸಿಹಿನೀರು ಹೊಯ್ದು ಕೊಂದೇಬಿಟ್ರಲ್ಲ!"

ಗಿರಾಕಿಗಳ ಎದುರಿಗೇ ಕೂಗಾಡಿದೆ. ಅತ್ತೆ ಚೊಂಬು ಕೆಳಗಿಟ್ಟು ಮನೆಗೆ ಹೋದರು.

ಗಾಬರಿಯಲ್ಲಿ ಗೆಳತಿಗೆ ಫೋನ್ ಮಾಡಿದರೆ ಅವಳು ನಗಬೇಕೇ! "ಸಾಯೂದು ಮೀನಲ್ಲ ಮಾರಾಯ್ತಿ, ಆ ಚುಕ್ಕೆಯ ಹುಳ. ಉಪ್ಪು ಕಡಿಮೆಯಾದ್ರೆ ಅದು ಬದುಕೂದಿಲ್ಲ, ಮೀನು ತಡ್ಕೊಳ್ತದೆ. ಉಪ್ಪು ಇನ್ನೂ ಸ್ವಲ್ಪ ಇಳಿಸಿ ಮೂರ್ನಾಲ್ಕು ವಾರ ಹಾಗೇ ಇಡು."

ವಾರದಲ್ಲಿ ಚುಕ್ಕೆಗಳು ಕಡಿಮೆಯಾದವು, ಮಾಣಿ ಸಿಗಡಿಗೂ ಬಾಯಿ ಹಾಕಿತು. ಅತ್ತೆ ಮಾತ್ರ ಅಂಗಡಿಯ ಕಡೆ ಸುಳಿಯಲಿಲ್ಲ. ಹನ್ನೊಂದಾದರೆ ಮಾಣಿ ಗಾಜಿಗೆ ಮೂತಿ ಒತ್ತಿ ಖಾಲಿ ಸ್ಟೂಲನ್ನೇ ನೋಡುತ್ತಿತ್ತು. ಮನೆಗೆ ಹೋಗಿ ಹೇಳಿದೆ: "ಅತ್ತೆ, ಮಾಣಿ ಹುಷಾರಾಯ್ದು. ನಿಮ್ಮ ನೀರೇ ಔಷಧ ಆತು. ಬನ್ನಿ."

ಬಂದರು. ಆದರೆ ಕೂರಲಿಲ್ಲ. "ನೀ ಕೂಗಿದ್ದೆಲ್ಲ ಅದಕ್ಕೆ ಕೇಳಿದ್ದು. ಮೊದಲು ಅದ್ರ ಹತ್ರ ತಪ್ಪಾತು ಹೇಳು."

ಮೀನಿನ ಹತ್ತಿರ! ತೊಟ್ಟಿಯ ಮೇಲೆ ಬಗ್ಗಿದೆ. ಹಿಂದೆ ನಿಂತ ಅತ್ತೆಗೆ ಕೇಳಲಿ ಎಂದು ಗಟ್ಟಿಯಾಗಿಯೇ "ತಪ್ಪಾತು" ಎಂದೆ. ಮಾಣಿ ಮೇಲೆ ಬಂದು ಬಾಯಿತುಂಬ ನೀರನ್ನು ನನ್ನ ಮುಖಕ್ಕೆ ಉಗುಳಿತು.

ಅತ್ತೆ ನಗುತ್ತಾ ನನ್ನ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಅವರೇ ನನ್ನ ಮೂಗಿನ ಮೇಲೆ ಕೂರಿಸಿದರು.