ಒಲೆಯ ಕರಿಯಯ್ಯನ ರಕ್ತಪರೀಕ್ಷೆ

ಕ್ಯಾತನಹಳ್ಳಿಯ ಶಿವಲಿಂಗಯ್ಯನ ಆಲೆಮನೆಯಲ್ಲಿ ಮೂವತ್ತೆರಡು ವರ್ಷ ಒಲೆಯ ಬಾಯಿಗೆ ಕೂತವನು ಕರಿಯಯ್ಯ. ಹಿಂಡಿ ಒಣಗಿಸಿದ ಕಬ್ಬಿನ ರಚ್ಚನ್ನು ಕೋಲಿನಿಂದ ಒಳಕ್ಕೆ ತಳ್ಳುವುದು ಅವನ ಕೆಲಸ. ಕೊಪ್ಪರಿಗೆಯತ್ತ ತಲೆಯೆತ್ತಿಯೂ ನೋಡದೆ, ಕಬ್ಬಿನ ಹಾಲು ಕುದಿಯುವ ಸದ್ದು ಕೇಳಿಯೇ ಉರಿ ಏರಿಸುತ್ತಿದ್ದ, ಇಳಿಸುತ್ತಿದ್ದ. ಬೀಡಿ ಮುಟ್ಟಿದವನಲ್ಲ. ಆದರೆ ಹೊಗೆ ಬಿಟ್ಟೀತೆ? ಐದಾರು ವರ್ಷದಿಂದ ದಮ್ಮು ಹಿಡಿದಿತ್ತು.

ಈ ಸಲ ಆಲೆ ಶುರುವಾಗಿ ಹದಿನೈದು ದಿನಕ್ಕೆ ಜ್ವರ ಬಂದು ಮೈ ಕಾವೇರಿತು. ಹೆಂಡತಿ ಮಂಚಮ್ಮ ಅವನನ್ನು ಪಾಂಡವಪುರಕ್ಕೆ, ಎದೆಯ ಡಾಕ್ಟರ್ ಮೇಘನ ಅವರ ಹತ್ತಿರ ಎಳೆದುಕೊಂಡು ಹೋದಳು. ಅವರು ರಕ್ತ ತೆಗೆಸಿದರು. ದಮ್ಮು ಎದೆಯಲ್ಲಿದ್ದರೆ ಸೂಜಿ ತೋಳಿಗೇಕೆ? ಕರಿಯಯ್ಯನಿಗೆ ಅಲ್ಲಿಂದಲೇ ಗೊಂದಲ.

"ರಕ್ತದಲ್ಲಿ ಸಿಆರ್‌ಪಿ ಅಂತ ಒಂದು ಅಂಶ ಇರುತ್ತೆ. ಮೈಯಲ್ಲಿ ಎಲ್ಲಾದ್ರೂ ಉರಿಯೂತ ಇದ್ರೆ ಏರುತ್ತೆ. ಐದರೊಳಗೆ ಇರ್ಬೇಕಾದ್ದು, ನಿಮಗೆ ತೊಂಬತ್ತಾರು ಇದೆ," ಎಂದರು ಡಾಕ್ಟರು.

ಮೊಮ್ಮಗಳು ಪರೀಕ್ಷೆಯಲ್ಲಿ ತೊಂಬತ್ತಾರು ತೆಗೆದಾಗ ಬೀದಿಗೆಲ್ಲ ಮಿಠಾಯಿ ಹಂಚಿದ್ದ ಮನುಷ್ಯ. ಇಲ್ಲಿ ನೋಡಿದರೆ ಡಾಕ್ಟರ ಹುಬ್ಬು ಗಂಟಾಗಿದೆ! ಎಕ್ಸ್‌ರೇಯಲ್ಲಿ ಹೊಸದೇನೂ ಇಲ್ಲ, ಎದೆಯಲ್ಲಿ ಅದೇ ಹಳೆಯ ಸುಂಯ್‌ಗುಟ್ಟುವಿಕೆ. ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದರು. ಇನ್ನು ತನ್ನ ಒಲೆ ಕೈ ಬಿಟ್ಟ ಹಾಗೇ ಎಂದು ಕರಿಯಯ್ಯನ ಕಣ್ಣಲ್ಲಿ ನೀರು ಬಂತು.

ಮಂಚದಿಂದಿಳಿದು ಕುಂಟಿದ. ಮಂಚಮ್ಮನಿಗೆ ರೇಗಿಹೋಯಿತು.

"ಮೊದ್ಲು ಆ ಕಾಲ್ ತೋರ್ಸು ಅಂದ್ರೆ ಕೇಳಾಕಿಲ್ಲ ಈವಯ್ಯ!"

ಪಾದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದರೆ, ಕೆಂಡ ತುಳಿದ ಹಿಮ್ಮಡಿ ಮೆತ್ತಿದ್ದ ಬೆಲ್ಲ ಸುಣ್ಣದ ಅಡಿಯಲ್ಲಿ ಕೀವು ತುಂಬಿ ಕೂತಿತ್ತು.

"ಯಾಕ್ರೀ ಹೇಳ್ಲಿಲ್ಲ?"

"ನೀವು ಎದೆ ಡಾಕ್ಟ್ರು ಕಣವ್ವ. ಕಾಲಿನ್ ವಿಸ್ಯ ತಗ್ದು ನಿಮ್ ಹೊತ್ತು ಯಾಕ್ ಕೆಡ್ಸನೆ ಅಂತ."

ಅಯ್ಯೋ ಶಿವನೇ! ಎತ್ತು ನೋಡಲು ಬಂದವರಿಗೆ ಎಮ್ಮೆ ತೋರಿಸಬಾರದೆಂಬ ಮರ್ಯಾದೆ ನಮ್ಮ ಜನದ್ದು.

ಗಾಯ ಕೊಯ್ದು ತೊಳೆದರು, ಮಾತ್ರೆ ಕೊಟ್ಟರು. ಹದಿನೈದು ದಿನಕ್ಕೆ ರಕ್ತದ ಸಿಆರ್‌ಪಿ ನಾಲ್ಕಕ್ಕಿಳಿಯಿತು. ಕರಿಯಯ್ಯ ಹಿಗ್ಗಿಹೋದ.

"ಇನ್ನು ಒಲೆಗೆ ಹೋಗ್ಬೌದಾ?"

"ಬೇಡ್ವೇ ಬೇಡ. ಆ ತೊಂಬತ್ತಾರು ಕಾಲಿಂದು. ಎದೆ ಮೊದಲಿನ ಹಾಗೇ ಇದೆ. ಹೊಗೆಯಿಂದ ಹಾಳಾಗಿದ್ದು ಹಾಳಾಗೇ ಇದೆ."

"ಜಾಸ್ತಿ ಬಂದಾಗ ಕಾಲಿಂದು ಅಂದ್ರಿ. ಸರಿ ಬಂದಾಗ ಎದೆ ಸರಿ ಇಲ್ಲ ಅಂತೀರಿ. ಯಾವ್ದವ್ವ ನಿಜ?"

"ಎರಡೂ ನಿಜ."

ಎರಡೂ ಹೇಗೆ ನಿಜವಾದೀತು? ಬಸ್ಸಿನಲ್ಲಿ ದಾರಿಯುದ್ದಕ್ಕೂ ತಲೆ ಕೆರೆದುಕೊಂಡ. ಕೊನೆಗೆ ತನಗೆ ಬೇಕಾದ ನಿಜವನ್ನೇ ಹಿಡಿದುಕೊಂಡು, ಮಂಚಮ್ಮ ಬೈಯುತ್ತಿದ್ದರೂ ನೆಟ್ಟಗೆ ಆಲೆಮನೆಗೆ ನಡೆದ. ತನ್ನ ಬದಲಿಗೆ ಒಲೆಯ ಬಾಯಲ್ಲಿ ಕೂತಿದ್ದ ಆಳು ಲೋಕೇಶನನ್ನು ಎಬ್ಬಿಸಿ ಕೂತ. ನಾಲ್ಕು ಸಲ ರಚ್ಚು ತಳ್ಳಿದ್ದಷ್ಟೆ, ಹೊಗೆ ಮುಖಕ್ಕೆ ಮಗುಚಿತು. ಎದೆ ಹಿಡಿದುಕೊಂಡಿತು.

"ಏನ್ ಕರಿಯಯ್ಯ, ಡಾಕ್ಟ್ರು ಏನಂದ್ರು?" ಶಿವಲಿಂಗಯ್ಯ ಓಡಿಬಂದ.

ಕರಿಯಯ್ಯ ಜೇಬಿನಿಂದ ರಕ್ತಪರೀಕ್ಷೆಯ ಚೀಟಿ ತೆಗೆದು ಚಾಚಿದ. ನಾಲ್ಕು ಬಂದಿದೆ, ಎಲ್ಲ ಸರಿಯಾಗಿದೆ ಎಂದು ಹೇಳಬೇಕಿತ್ತು. ಅಷ್ಟು ಹೇಳಲು ಉಸಿರು ಸಾಲಲಿಲ್ಲ.