ಗಡಿಯಲ್ಲಿ ಬಿಚ್ಚಿದ ಬುತ್ತಿ

ಮೀನು ಹಿಡಿದಿದ್ದಕ್ಕೆ ನನ್ನ ಮೇಲೆ ಕೇಸಾಗಿದೆ ಎಂದರೆ ನಮ್ಮೂರಿನಲ್ಲಿ ಯಾರೂ ನಂಬುವುದಿಲ್ಲ. ಮಲ್ಪೆಯಲ್ಲಿ ಮೀನಿನ ಲಾರಿ ಓಡಿಸುತ್ತಿದ್ದವನು ನಾನು. ಹೆಂಡತಿಗೆ ಜರ್ಮನಿಯ ಎರ್ಲಾಂಗೆನ್‌ನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತೆಂದು ಅವಳ ಹಿಂದೆ ಇಲ್ಲಿಗೆ ಬಂದೆ. ಒಂದು ಭಾನುವಾರ ಹೊತ್ತು ಹೋಗದೆ ಊರ ಕಾಲುವೆಗೆ ಗಾಳ ಹಾಕಿ ಕೂತೆ. ಅಂಗೈ ಅಗಲದ ಮೀನೊಂದು ಸಿಕ್ಕಿತು, ಅದರ ಹಿಂದೆಯೇ ಪೊಲೀಸರೂ ಬಂದರು. ನಾಯಿ ಕರೆದುಕೊಂಡು ವಾಕಿಂಗ್ ಹೊರಟಿದ್ದ ಅಜ್ಜನೊಬ್ಬ ಫೋನ್ ಮಾಡಿದ್ದನಂತೆ. ಇಲ್ಲಿ ಗಾಳ ಹಾಕಬೇಕಾದರೆ ಪರೀಕ್ಷೆ ಬರೆದು ಪಾಸಾಗಬೇಕು, ಲೈಸೆನ್ಸ್ ಬೇಕು. ಇಲ್ಲದಿದ್ದರೆ ಅದು ಕಳ್ಳತನದಂಥದೇ ಅಪರಾಧ. ಅಯ್ಯೋ ದೇವರೇ, ಮೀನಿಗೂ ಪರೀಕ್ಷೆಯೇ! ಕೋರ್ಟು ದಂಡ ಹಾಕಿತು, ಕಟ್ಟಿದೆ. ಮೀನನ್ನು ಅಂದೇ ನೀರಿಗೆ ಬಿಡಿಸಿದ್ದರು.

ಲಾರಿ ಕಂಪನಿಗೆ ಸೇರುವಾಗ ಇದನ್ನು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಮೊದಮೊದಲು ಜರ್ಮನಿಯೊಳಗೇ ಓಡಿಸಿದೆ. ಪ್ರೊಬೆತ್ಸೈಟ್, ಅಂದರೆ ಕೆಲಸ ಕಾಯಂ ಆಗುವ ಮುಂಚಿನ ಅವಧಿ, ಮುಗಿಯುವ ಹೊತ್ತಿಗೆ ಆಫೀಸಿನ ಮೇಡಂ ಕರೆದು, ಇನ್ನು ಸ್ವಿಟ್ಜರ್ಲೆಂಡ್ ಲೋಡು, ಗಡಿ ದಾಟಲಾಗದ ಡ್ರೈವರ್ ನಮಗೆ ಬೇಡ ಎಂದರು. ಸ್ವಿಸ್‌ನವರು ಕಂಪ್ಯೂಟರಿನಲ್ಲಿ ಹುಡುಕಿದರೆ ಕೇಸು ಹೊರಬೀಳುತ್ತದೆ, ವಾಪಸ್ ಕಳಿಸುತ್ತಾರೆ, ಕೆಲಸ ಹೋಗುತ್ತದೆ. ವಾರವಿಡೀ ಅದೇ ಕೊರೆತ.

ಹೆಂಡತಿ ನಕ್ಕಳು. “ಎಂಥ ಹೆದರಿಕೆ ಮಾರಾಯ್ರೇ! ನೀವೇನು ತಿಮಿಂಗಿಲ ಕದ್ದಿದ್ದೀರಾ? ಸುಮ್ಮನೆ ಹೋಗಿ ಬನ್ನಿ.”

ದೂರದ ಟ್ರಿಪ್ಪಿಗೆ ಹೊರಟಾಗಲೆಲ್ಲ ಹುಳಿ, ಖಾರ ಹಾಕಿದ ಬಂಗುಡೆ ಮೀನಿನ ಪುಳಿಮುಂಚಿ ಕಟ್ಟಿಕೊಡುವುದು ಅವಳ ರೂಢಿ. ಹಿಂದಿನ ಸಂಜೆ ಮನೆಯಿಡೀ ಅದರದೇ ಘಮ. ಬೆಳಿಗ್ಗೆ ಡಬ್ಬಿಯನ್ನು ಬಟ್ಟೆಯಲ್ಲಿ ಬಿಗಿದು ಕೈಗೆ ಕೊಟ್ಟಳು.

ಸ್ವಿಟ್ಜರ್ಲೆಂಡಿನ ಬಾಸೆಲ್ ಗಡಿಯಲ್ಲಿ ಲಾರಿಗಳ ಸಾಲು. ಇಂಚಿಂಚಾಗಿ ಸರಿಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಅಧಿಕಾರಿ ತರುಣ, ಮುಖದಲ್ಲಿ ನಗುವಿಲ್ಲ. ಮುಂದಿದ್ದವರ ಕಾಗದಗಳನ್ನು ನಿಂತಲ್ಲೇ ನೋಡಿ ಕೊಟ್ಟವನು, ನನ್ನ ಪಾಸ್‌ಪೋರ್ಟ್ ಮಾತ್ರ ಹಿಡಿದುಕೊಂಡು ಒಳಗೆ ಹೋದ. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಮತ್ತೆ ಮನೆಯಲ್ಲಿ ಕಿಟಕಿ ನೋಡುತ್ತಾ ಕೂರಬೇಕಲ್ಲ! ಸಿಟ್ಟೂ ಬಂತು. ಆ ಅಜ್ಜನ ಮೇಲೆ, ಅವನ ನಾಯಿಯ ಮೇಲೆ, ಬೇರೆಲ್ಲೂ ಜಾಗ ಸಿಗದೆ ನನ್ನ ಗಾಳಕ್ಕೇ ಬಿದ್ದ ಆ ದರಿದ್ರ ಮೀನಿನ ಮೇಲೆ.

ಅವನು ಬಂದು ಕ್ಯಾಬಿನ್ ಬಾಗಿಲು ತೆರೆಸಿದ. ಸೀಟಿನ ಮೇಲಿನ ಗಂಟು ತೋರಿಸಿ, “ಅದೇನು?” ಎಂದ.

“ಮೀನು! ಅಂಗಡಿಯದು! ದೇವರಾಣೆ ನಾನು ಹಿಡಿದದ್ದಲ್ಲ!”

ನನ್ನ ಹರಕು ಜರ್ಮನ್‌ನಲ್ಲಿ ಒದರಿಬಿಟ್ಟಿದ್ದೆ. ಯಾರು ಕೇಳಿದ್ದರು ಅದನ್ನು? ಅವನು ಹುಬ್ಬು ಗಂಟಿಕ್ಕಿ, ಬಿಚ್ಚು ಎಂದ.

ಬಿಚ್ಚಿದೆ. ಅನ್ನ, ಬೀನ್ಸ್ ಪಲ್ಯ, ಒಂದಿಷ್ಟು ಉಪ್ಪಿನಕಾಯಿ. ಮೀನಿನ ಮುಳ್ಳೂ ಇರಲಿಲ್ಲ.

“ಮೀನೆಲ್ಲಿ?” ಅವನ ದನಿ ಗಡುಸಾಯಿತು.

ನನಗೇನು ಗೊತ್ತು? “ಹೆಂಡತಿ ಕಟ್ಟಿದ್ದು,” ಎಂದು ತೊದಲಿದೆ. ಅವನು ಹಾಸಿಗೆಯ ಕೆಳಗೆ, ಸೀಟಿನ ಹಿಂದೆ, ಫ್ರಿಜ್ಜಿನೊಳಗೆ, ಎಲ್ಲ ಕಡೆ ಹುಡುಕಿದ. ನಾನು ಡಬ್ಬಿ ಹಿಡಿದು ಹೊರಗೆ ನಿಂತಿದ್ದೆ. ಕೊನೆಗೆ ಅವನು ಇಳಿದು ಪಾಸ್‌ಪೋರ್ಟ್ ಕೈಗಿಟ್ಟ.

“ಹೆಂಡತಿಯನ್ನೇ ಕೇಳು,” ಎಂದು ಮೊದಲ ಸಲ ನಕ್ಕು, ಹೋಗು ಎಂದು ಕೈ ಬೀಸಿದ. ಕೇಸಿನ ಮಾತನ್ನೇ ಎತ್ತಲಿಲ್ಲ.

ಮುಂದಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಫೋನ್ ಮಾಡಿದೆ. “ದಾಟಿದೆ ಮಾರಾಯ್ತಿ. ಮೀನೆಲ್ಲಿ?”

ಆಚೆಯಿಂದ ಅಳು ಕೇಳಿಸಿತು.

“ಕಟ್ಟಿದ್ದೆ. ನೀವು ಸ್ನಾನಕ್ಕೆ ಹೋದಾಗ ತೆಗೆದೆ. ಮೀನಿನ ಕೇಸ್ ಆದವರ ಹತ್ರ ಮೀನು ಕೊಟ್ಟು ಬಾರ್ಡರಿಗೆ ಕಳಿಸ್ಲಿಕ್ಕೆ ಧೈರ್ಯ ಬರ್ಲಿಲ್ಲ ಮಾರಾಯ್ರೇ. ಒಂದು ವಾರದಿಂದ ನಂಗೆ ಸರಿ ನಿದ್ದೆ ಇಲ್ಲ.”

ವಾರವಿಡೀ ನನ್ನನ್ನು ನೋಡಿ ನಕ್ಕವಳು! ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದವನು, “ನಿನ್ನ ಊಟ ಆಯಿತಾ?” ಎಂದು ಕೇಳಿದೆ.

“ಪುಳಿಮುಂಚಿ ಫ್ರಿಜ್ಜಲ್ಲಿ ಉಂಟು,” ಎಂದಳು. “ನಾನು ಮುಟ್ಲಿಲ್ಲ. ನೀವು ಬನ್ನಿ, ಒಟ್ಟಿಗೆ ಊಟ ಮಾಡುವ.”