ಅಕ್ಷರ ಕೂರಿಸುವ ಸಾಮಾನು

ಕುಂದಲಹಳ್ಳಿಯ ಶಶಿಕುಮಾರನಿಗೆ ಕೆಲಸವೆಂದರೆ ತಿಂಗಳಿಗೊಮ್ಮೆ ಬಾಡಿಗೆ ವಸೂಲಿ. ಉಳಿದ ದಿನವೆಲ್ಲ ಅಗ್ಗದ ಸಾಮಾನು ತರಿಸುವುದು. ವಿಡಿಯೋಗೆ ಸಬ್‌ಟೈಟಲ್ ಹಾಕುವ ಹುಚ್ಚು ಹತ್ತಿದ ಮೇಲಂತೂ ನಡುಮನೆ ಗುಜರಿ ಅಂಗಡಿಯಾಯಿತು. ಎಸ್.ಪಿ. ರಸ್ತೆಯ ಹಳೇ ಲ್ಯಾಪ್‌ಟಾಪು, ದಪ್ಪ ಹೆಡ್‌ಫೋನು, ಬಣ್ಣದ ದೀಪ ಮಿನುಗುವ ಕೀಬೋರ್ಡು. "ಸಿನಿಮಾದೋರು ಲಕ್ಷಗಟ್ಲೆ ಸುರೀತಾರೆ ಗುರು, ನಾನು ಚಿಲ್ರೆ ಕಾಸಲ್ಲಿ ಸ್ಟುಡಿಯೋನೇ ಮಾಡ್ಬಿಟ್ಟೆ" ಎಂದು ಬಾಡಿಗೆದಾರರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಆ ಸ್ಟುಡಿಯೋದಿಂದ ಇವತ್ತಿನವರೆಗೆ ಒಂದು ಸಾಲೂ ಹೊರಬಿದ್ದಿರಲಿಲ್ಲ. ಹೆಂಡತಿ ಆಶಾರಾಣಿ ಅದನ್ನೆಲ್ಲ ಪೊರಕೆಯ ತುದಿಯಿಂದ ಸರಿಸಿ ಗುಡಿಸುತ್ತಿದ್ದಳು. ಗಂಡನನ್ನೂ ಹಾಗೇ ಸರಿಸುವಂತಿದ್ದರೆ ಎಂದು ಎಷ್ಟೋ ಸಲ ಅನಿಸಿತ್ತು.

ಇದೆಲ್ಲ ತಾಯಿಗಾಗಿ ಎಂದು ಅವನ ಹೇಳಿಕೆ. ವಸಂತಮ್ಮನವರು ಐದನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ಕಿವಿ ಹೋಗಿತ್ತು. ಕಲಿತ ಓದು ಉಳಿದಿತ್ತು. ಈ ಬಾಡಿಗೆ ಬಿಲ್ಡಿಂಗಿನ ಗೃಹಪ್ರವೇಶದ ವಿಡಿಯೋದಲ್ಲಿ ಗಂಡ ಚಿಕ್ಕಬೈರಪ್ಪ, ಈಗ ತೀರಿಹೋದವರು, ಆಕೆಯತ್ತ ಬೆರಳು ತೋರಿಸಿ ಏನೋ ಹೇಳುತ್ತಾರೆ, ಸುತ್ತಲಿನವರು ಹೊಟ್ಟೆ ಹಿಡಿದು ನಗುತ್ತಾರೆ. ಅದೇನೆಂದು ತಿಳಿಯಬೇಕು, ಆಕೆಗೆ ಬೇಕಿದ್ದದ್ದು ಅಷ್ಟೇ. 'ಮನೆ ಬೆಳಗಿದವಳು' ಎಂದರೆಂದು ಮಗ ಬರೆದು ತೋರಿಸಿದ್ದ. 'ಮಹಾಲಕ್ಷ್ಮಿ' ಎಂದರೆಂದು ನಾದಿನಿ ಗೌರಮ್ಮ ಬರೆದಿದ್ದರು.

"ಒಬ್ಬೊಬ್ರು ಒಂದೊಂದ್ ಏಳ್ತೀರಿ. ಅವ್ರು ಬಾಯಿ ಆಡ್ಸೋವಾಗ್ಲೇ ಕೆಳಗೆ ಅಕ್ಸರ ಬರ್ಲಿ, ನಾನೇ ಓದ್ಕೋತೀನಿ" ಎಂದು ವಸಂತಮ್ಮ ಪಟ್ಟು ಹಿಡಿದಿದ್ದರು.

ಕೇಳಿದಾಗಲೆಲ್ಲ ಶಶಿಕುಮಾರನದು ಒಂದೇ ರಾಗ: ವಾಲಗದ ಸದ್ದು ಜಾಸ್ತಿ, ಮಾತು ಸಿಗುತ್ತಿಲ್ಲ, ಇನ್ನೊಂದು ಮಿಷಿನ್ ಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವಾಲಗ ಆಗ ನಿಂತಿತ್ತು, ಮಾವನ ಮಾತು ಸ್ಪಷ್ಟವಾಗಿತ್ತು ಎಂಬುದು ಅಂದು ಅಲ್ಲೇ ಇದ್ದ ಆಶಾರಾಣಿಗೆ ಗೊತ್ತು. ಹೇಡಿಗೆ ಬೇಕಾದದ್ದು ಮಿಷಿನ್ ಅಲ್ಲ, ನೆಪ.

ಒಂದು ಮಧ್ಯಾಹ್ನ ಅವಳೇ ತನ್ನ ಫೋನಿನಲ್ಲಿ ಪುಕ್ಕಟೆ ಆ್ಯಪ್ ಹಾಕಿಕೊಂಡು ಕೂತಳು. ಅನ್ನಕ್ಕಿಟ್ಟ ಕುಕ್ಕರ್ ಕೂಗುವಷ್ಟರಲ್ಲಿ ಕೆಲಸ ಮುಗಿಯುವಂತಿತ್ತು. ಮೊದಲು 'ಮನೆ ಬೆಳಗಿದವಳು' ಎಂದೇ ಬರೆದಳು. ಬರೆದು ಓದಿದಾಗ ತನ್ನ ಮೇಲೇ ಹೇಸಿಗೆಯಾಯಿತು. ಅಳಿಸಿ, ಕೇಳಿದ್ದನ್ನು ಕೇಳಿದ ಹಾಗೆ ಬರೆದಳು.

ಭಾನುವಾರ ಊಟವಾದ ಮೇಲೆ ಗೌರಮ್ಮನೂ ಇದ್ದಾಗ ಟಿವಿಗೆ ಹಾಕಿದಳು. ತೆರೆಯ ಮೇಲೆ ಚಿಕ್ಕಬೈರಪ್ಪ ಬೆರಳೆತ್ತಿದರು, ಕೆಳಗೆ ಅಕ್ಷರ ಮೂಡಿತು. ವಸಂತಮ್ಮ ತಮ್ಮ ಏರುದನಿಯಲ್ಲಿ, ಶಾಲೆಯ ಮಗುವಿನಂತೆ, ಬಿಡಿಸಿ ಬಿಡಿಸಿ ಓದಿದರು: "ಇವ್ಳ ಅಪ್ಪನ್ ಜಮೀನ್ ಬೇಕಿತ್ತು, ಅದಕ್ಕೆ ಈ ಕಿವುಡೀನ ಕಟ್ಕೊಂಡೆ. ಜಮೀನ್ ಮೇಲೆ ಬಿಲ್ಡಿಂಗ್ ಎದ್ದೈತೆ. ಇವ್ಳನ್ನ ಯಾರಿಗ್ ಬಾಡ್ಗೆಗ್ ಕೊಡ್ಲಿ?"

ಗೌರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಶಶಿಕುಮಾರ ಹೆಂಡತಿಯ ಕಡೆ ಹಲ್ಲು ಕಡಿದು ರಿಮೋಟಿಗೆ ಕೈಹಾಕಿದ. ವಸಂತಮ್ಮ ಅವನ ಕೈ ಹಿಡಿದು ನಿಲ್ಲಿಸಿದರು. ಅವರ ಕಣ್ಣು ಅಕ್ಷರ ಬಿಟ್ಟು ಮೇಲೆ ಹೋಗಿತ್ತು. ಅಲ್ಲಿ ಅಪ್ಪನ ಹೆಗಲಿಗೆ ಒರಗಿ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಶಶಿಕುಮಾರ.

"ಇಷ್ಟ್ ದಿನ ಇದ್ನ ನೋಡ್ದಾಗೆಲ್ಲ, ನನ್ ಮಗ, ಅವ್ರು ನನ್ನ ಒಗಳಿದ್ದಕ್ಕೆ ಕುಸಿಯಾಗವ್ನೆ ಅಂತಿದ್ದೆ ಕಣೋ" ಎಂದರು.